ತರಿ, ಖುಷ್ಕಿ, ಖರಾಬು

"ನಂಬರು ಪೈಕಿ ಇದೆ, ಪೌತಿ ಆಗಿಲ್ಲ, ಆಕಾರಬಂದ್‌ಗೂ ಪಹಣಿಗೂ ತಾಳೆ ಬರ್ತಿಲ್ಲ. ಮೊದಲು ಪೋಡಿ ಮಾಡಿಸ್ಕೊಂಡು ಬನ್ನಿ ಯಜಮಾನ್ರೇ."

ಹಳೇ ಮೈಸೂರು ಸೀಮೆಯ ಯಾವ ತಾಲ್ಲೂಕು ಕಚೇರಿಯ ಕಟ್ಟೆಯ ಮೇಲೆ ಅರ್ಧ ಗಂಟೆ ಕೂತರೂ ಇಂಥದ್ದೊಂದು ಮಾತು ಕಿವಿಗೆ ಬೀಳುತ್ತದೆ. ಪದವಿ ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗನಿಗೆ ಇದು ಅರ್ಥವಾಗುವುದಿಲ್ಲ. ಶಾಲೆಯ ಮೆಟ್ಟಿಲು ಹತ್ತದ ಅಪ್ಪನಿಗೆ ಅರ್ಥವಾಗುತ್ತದೆ. ಜಮೀನು ಸರ್ವೆ ನಂಬರಿನ ಒಂದು ಭಾಗ, ಆದರೆ ಆ ಭಾಗವನ್ನು ಅಳೆದು ಬೇರೆ ಮಾಡಿಲ್ಲ. ಖಾತೆದಾರರು ತೀರಿಕೊಂಡಿದ್ದಾರೆ, ವಾರಸುದಾರರ ಹೆಸರು ಏರಿಲ್ಲ. ಕಂದಾಯದ ಮೂಲ ಪುಸ್ತಕದಲ್ಲಿರುವ ವಿಸ್ತೀರ್ಣ ಒಂದು, ಪಹಣಿಯಲ್ಲಿರುವುದು ಇನ್ನೊಂದು. ಇಷ್ಟೂ ಸಂಗತಿಯನ್ನು ಐದಾರು ಪದಗಳಲ್ಲಿ ಹೇಳಿ ಮುಗಿಸಲಾಗಿದೆ.

ಆ ವಾಕ್ಯದ ಕ್ರಿಯಾಪದ, ವಿಭಕ್ತಿ ಎಲ್ಲವೂ ಕನ್ನಡದ್ದೇ. ಭಾರ ಹೊತ್ತಿರುವ ಪದಗಳು ಮಾತ್ರ ದೂರದಿಂದ ಬಂದವು. ಪೌತಿ ಎಂಬುದು ಸಾವು ಎಂಬರ್ಥದ ಅರಬ್ಬಿಯ 'ಫೌತ್'. ಪೈಕಿ, ಪೋಡಿ, ಪಹಣಿ ಮರಾಠಿಯಿಂದ ಬಂದವು. ಆಕಾರಬಂದ್‌ನ ಆಕಾರಕ್ಕೆ ರೂಪ ಎಂಬ ಅರ್ಥವಿಲ್ಲ, ಅದು ಕಂದಾಯದ ನಿಗದಿ. ಕನ್ನಡಿಗರ ನೆಲವನ್ನು ಯಾರು ಯಾರು ಆಳಿದರು, ಅಳೆದರು, ತೆರಿಗೆ ಹಾಕಿದರು ಎಂಬುದಕ್ಕೆ ಕಂದಾಯ ಕಚೇರಿಯ ಈ ಮಾತಿನಷ್ಟು ನಿಚ್ಚಳವಾದ ಸಾಕ್ಷಿ ಇನ್ನೊಂದಿಲ್ಲ. ಶಾಸನಗಳ ಬಗ್ಗೆ ನಾವು ಸಾಕಷ್ಟು ಬರೆದಿದ್ದೇವೆ. ದಿನವೂ ಬಳಸುವ ಈ ಪದಗಳ ಚರಿತ್ರೆಯನ್ನು ಅಷ್ಟೇ ಆಸ್ಥೆಯಿಂದ ನೋಡಿದ್ದು ಕಡಿಮೆ.

ಶಾಸನಗಳ ಕಾಲದಲ್ಲಿ ಜಮೀನಿನ ಪರಿಭಾಷೆ ಬೇರೆಯೇ ಇತ್ತು. ನೀರಾವರಿಗೆ ಗದ್ದೆ, ಮಳೆಯಾಶ್ರಿತಕ್ಕೆ ಬೆದ್ದಲು. ಅಳತೆಗೆ ಮತ್ತರು, ಕಮ್ಮ. ಬಿತ್ತುವ ಬೀಜದ ಲೆಕ್ಕದಲ್ಲಿ ಖಂಡುಗ, ಅಂದರೆ ಒಂದು ಖಂಡುಗ ಬೀಜ ಹಿಡಿಯುವಷ್ಟು ನೆಲ. ಅದು ಊರಿಂದ ಊರಿಗೆ ಹಿಗ್ಗುತ್ತಿತ್ತು, ಕುಗ್ಗುತ್ತಿತ್ತು. ನಿಗದಿಯಾದ ತೆರಿಗೆಗೆ ಸಿದ್ಧಾಯ, ತೆರಿಗೆಯಿಲ್ಲದ ದತ್ತಿಗೆ ಸರ್ವಮಾನ್ಯ. ಲೆಕ್ಕ ಬರೆಯುವವನು ಸೇನಬೋವ. ಇವುಗಳಲ್ಲಿ ಹಲವು ಶಾಸನದ ಕಲ್ಲಿನಲ್ಲೇ ಉಳಿದವು. ಸೇನಬೋವ ಮಾತ್ರ ಶಾನುಭೋಗನಾಗಿ ಇಪ್ಪತ್ತನೇ ಶತಮಾನದವರೆಗೂ ನಡೆದುಬಂದ.

ಆ ಶಾನುಭೋಗರ ಕೈಯಲ್ಲಿದ್ದ ಪುಸ್ತಕವೇ ಕಡತ. ಇವತ್ತು ಕಡತ ಎಂದರೆ ಫೈಲು. ಆಗ ಅದು ಬಟ್ಟೆ. ಉದ್ದನೆಯ ಬಟ್ಟೆಯ ಎರಡೂ ಮೈಗೆ ಹುಣಸೆಬೀಜದ ಸರಿಯಲ್ಲಿ ಇದ್ದಿಲ ಪುಡಿ ಕಲಸಿ ಬಳಿದು, ಒಣಗಿಸಿ, ಹಿಂದೆ ಮುಂದೆ ಮಡಚಿ ಪುಸ್ತಕದ ಹಾಗೆ ಮಾಡುತ್ತಿದ್ದರು. ಕಪ್ಪು ಮೈಯ ಮೇಲೆ ಬಳಪದಿಂದ ಬರೆಯುವುದು. ತಪ್ಪಾದರೆ ಒರೆಸಿ ಮತ್ತೆ ಬರೆಯಬಹುದು. ಜತನವಾಗಿಟ್ಟರೆ ತಲೆಮಾರುಗಳ ಕಾಲ ಬಾಳುತ್ತಿತ್ತು. ಶೃಂಗೇರಿ ಮಠದ ಕಡತಗಳು ಇಂದಿಗೂ ಚರಿತ್ರಕಾರರಿಗೆ ಆಕರ. 19ನೇ ಶತಮಾನದ ಆರಂಭದಲ್ಲಿ ಮೈಸೂರಿನ ಚರಿತ್ರೆ ಬರೆದ ಮಾರ್ಕ್ ವಿಲ್ಕ್ಸ್ ಈ ಕಪ್ಪು ಪುಸ್ತಕವನ್ನು ಬೆರಗಿನಿಂದ ವರ್ಣಿಸಿದ್ದಾನೆ. ಬಟ್ಟೆ ಹೋಗಿ ಕಾಗದ ಬಂದರೂ, ಕಾಗದ ಹೋಗಿ ಕಂಪ್ಯೂಟರ್ ಬಂದರೂ ಹೆಸರು ಕಡತವೇ. "ಕಡತ ವಿಲೇವಾರಿ" ಎಂದು ಈಗಿನ ಗುಮಾಸ್ತರು ಹೇಳುವಾಗ ಅದರ ಮೊದಲರ್ಧ ಹಳೆಯ ಕನ್ನಡದ್ದು.

ಪಾರಸಿ ಪದಗಳ ಪ್ರವಾಹ ಶುರುವಾದದ್ದು 1347ರಲ್ಲಿ ಹುಟ್ಟಿ ಕಲಬುರಗಿಯನ್ನು ರಾಜಧಾನಿ ಮಾಡಿಕೊಂಡ ಬಹಮನಿ ರಾಜ್ಯದಿಂದ. ಆಮೇಲೆ ಬಿಜಾಪುರದ ಆದಿಲ್‌ಶಾಹಿಗಳು. ಒಂದನೇ ಇಬ್ರಾಹಿಂ ಆದಿಲ್ ಶಾಹ 1534ರಲ್ಲಿ ಪಟ್ಟಕ್ಕೆ ಬಂದ ಮೇಲೆ ಸರ್ಕಾರಿ ಲೆಕ್ಕಪತ್ರಗಳನ್ನು ಪಾರಸಿಯಿಂದ ದೇಶಭಾಷೆಗೆ ಬದಲಾಯಿಸಿ ಬ್ರಾಹ್ಮಣ ಲೆಕ್ಕಿಗರ ಕೈಗೆ ಕೊಟ್ಟ ಎಂದು ಅದೇ ಬಿಜಾಪುರದಲ್ಲಿದ್ದ ಚರಿತ್ರಕಾರ ಫರಿಷ್ತಾ ಬರೆದಿದ್ದಾನೆ. ಇದರ ಪರಿಣಾಮ ದೊಡ್ಡದು. ಪಾರಸಿಯ ಪದ ಮರಾಠಿ ಲೆಕ್ಕಿಗರ ಲೇಖನಿಯಲ್ಲಿ ಅರೆ ಮರಾಠಿಯಾಯಿತು, ಅಲ್ಲಿಂದ ಕನ್ನಡದ ರೈತನ ಬಾಯಿಗೆ ಬಂತು. 1638ರಲ್ಲಿ ಬೆಂಗಳೂರು ಬಿಜಾಪುರದ ಮರಾಠಾ ಸರದಾರ ಶಹಾಜಿಯ ಜಹಗೀರಾಯಿತು. 1687ರಲ್ಲಿ ಮೊಗಲರು ಶಿರಾವನ್ನು ಸುಬಾ ಮಾಡಿದರು. ಹೊಸಕೋಟೆ, ಕೋಲಾರ, ದೊಡ್ಡಬಳ್ಳಾಪುರಗಳು ಅದರ ಪರಗಣಗಳಾದವು. ಮೈಸೂರು ಒಡೆಯರ ಗಡಿಯ ಆಚೆ ಈಚೆ ಎಲ್ಲ ಕಡೆಯೂ ಒಂದೇ ಬಗೆಯ ಕಚೇರಿ ಮಾತು ಹಬ್ಬಿದ್ದು ಹೀಗೆ.

ಒಡೆಯರೂ ಅದರಿಂದ ಹೊರಗುಳಿಯಲಿಲ್ಲ. 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರು ಔರಂಗಜೇಬನ ಬಳಿಗೆ ರಾಯಭಾರ ಕಳಿಸಿದ್ದರು. ರಾಯಭಾರಿಗಳು ಮರಳಿದ ಮೇಲೆ ಆಡಳಿತವನ್ನು ಹದಿನೆಂಟು ಇಲಾಖೆಗಳಾಗಿ ವಿಂಗಡಿಸಿ ಅದಕ್ಕೆ 'ಅಠಾರಾ ಕಚೇರಿ' ಎಂದು ಹೆಸರಿಟ್ಟರು. ಕನ್ನಡದ ಅರಸರು, ಕನ್ನಡದಲ್ಲಿ ಕಾವ್ಯ ಬರೆಸಿದವರು, ತಮ್ಮ ಸಚಿವಾಲಯಕ್ಕೆ ಹಿಂದೂಸ್ತಾನಿಯಲ್ಲಿ ಹೆಸರಿಟ್ಟರು. ಬೆಂಗಳೂರಿನಲ್ಲಿ 1860ರ ದಶಕದಲ್ಲಿ ಎದ್ದ ಕೆಂಪು ಕಟ್ಟಡಕ್ಕೂ ಜನ ಅದೇ ಹೆಸರು ಕೊಟ್ಟರು. ವಿಧಾನಸೌಧದ ಎದುರಿಗಿರುವ ಅಠಾರಾ ಕಚೇರಿಯಲ್ಲಿ ಈಗಿರುವುದು ಹೈಕೋರ್ಟು.

ಮಲೆನಾಡಿನ ಕಥೆ ಸ್ವಲ್ಪ ಬೇರೆ. 1645ರಿಂದ 1660ರವರೆಗೆ ಆಳಿದ ಕೆಳದಿ ಶಿವಪ್ಪನಾಯಕನ ಹೆಸರಿನ ಜೊತೆ 'ಶಿಸ್ತು' ಅಂಟಿಕೊಂಡಿದೆ. ಶಾಲೆಯ ಮಕ್ಕಳು ಅದನ್ನು ಕಟ್ಟುನಿಟ್ಟು ಎಂದು ತಿಳಿಯುತ್ತಾರೆ. ಮೂಲದಲ್ಲಿ ಅದು ಜಮೀನಿನ ಕಂದಾಯದ ನಿಗದಿ. ಒಂದೊಂದು ಊರಿನಲ್ಲೂ ಒಂದು ಹೊಲವನ್ನು ತನ್ನ ಖರ್ಚಿನಲ್ಲಿ ಹನ್ನೆರಡು ವರ್ಷ ಸಾಗುವಳಿ ಮಾಡಿಸಿ, ಬಿತ್ತಿದ್ದೆಷ್ಟು ಬೆಳೆದದ್ದೆಷ್ಟು ಎಂದು ಬರೆಸಿ, ಸರಾಸರಿ ತೆಗೆದು ದರ ಕಟ್ಟಿದ ಎಂದು ಹಳೆಯ ಗೆಜೆಟಿಯರುಗಳು ಹೇಳುತ್ತವೆ. ಮಣ್ಣನ್ನು ನೋಡದೆ ತೆರಿಗೆ ಹಾಕಬಾರದು ಎಂಬ ತತ್ವ ಅದು. ಇಂಗ್ಲಿಷರ ಸರ್ವೆಗೆ ಇನ್ನೂರು ವರ್ಷ ಮೊದಲೇ ಕನ್ನಡ ನಾಡಿನ ಅರಸನೊಬ್ಬ ಇದನ್ನು ಮಾಡಿ ತೋರಿಸಿದ್ದ ಎಂಬುದು ಅಭಿಮಾನಪಡಬೇಕಾದ ಸಂಗತಿಯೇ.

ಇವತ್ತಿನ ಪಹಣಿಯ ಭಾಷೆ ಗಟ್ಟಿಯಾದದ್ದು ಮಾತ್ರ ಆ ಇಂಗ್ಲಿಷರ ಸರ್ವೆಯಲ್ಲಿ. 1835ರಲ್ಲಿ ಪುಣೆಯ ಹತ್ತಿರದ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಆರಂಭಿಸಿದ ಅಳತೆ ಧಾರವಾಡದ ಕಡೆಗೂ ಬಂತು. ಮೈಸೂರು ಸಂಸ್ಥಾನದಲ್ಲಿ 1863ರಲ್ಲಿ ಅದೇ ಮುಂಬಯಿ ಮಾದರಿಯಲ್ಲಿ ಸರ್ವೆ ಶುರುವಾಯಿತು. ಸರಪಳಿಯ ಉದ್ದ 33 ಅಡಿ. ಸರಪಳಿಯ ಒಂದು ಚದರವೇ ಒಂದು ಗುಂಟೆ, 1089 ಚದರಡಿ. 40 ಗುಂಟೆಗೆ ಒಂದು ಎಕರೆ. ಸರಪಳಿಯಲ್ಲಿ ಹದಿನಾರು ಭಾಗ, ಪ್ರತಿ ಭಾಗಕ್ಕೂ ಆಣೆ ಎಂಬ ಹೆಸರು. ರೂಪಾಯಿಗೆ ಹದಿನಾರು ಆಣೆ ಎಂಬ ಲೆಕ್ಕ ಎಲ್ಲರ ಬಾಯಲ್ಲಿದ್ದುದರಿಂದ ಅಳತೆಗೂ ಅದನ್ನೇ ತಂದರು.

ಮಣ್ಣಿಗೂ ಆಣೆಯೇ. ಹೊಲದಲ್ಲಿ ಅಲ್ಲಲ್ಲಿ ಅಗೆದು ಮಣ್ಣಿನ ಆಳ, ಬಣ್ಣ, ಕಲ್ಲು, ಸುಣ್ಣ, ನೀರು ನಿಲ್ಲುವ ದೋಷ ಎಲ್ಲವನ್ನೂ ನೋಡಿ ದರ್ಜೆ ಕಟ್ಟುತ್ತಿದ್ದರು. ಒಳ್ಳೆಯ ಮಣ್ಣು ಒಂದೂಮುಕ್ಕಾಲು ಮೊಳ ಆಳವಿದ್ದರೆ ಹದಿನಾರಾಣೆ. ಆಳ ಕಡಿಮೆಯಾದ ಹಾಗೆ ಹದಿನಾಲ್ಕು, ಹನ್ನೆರಡು, ಹತ್ತು ಎಂದು ಇಳಿಯುತ್ತಿತ್ತು. ಊರಿನ ರೈತರೆಲ್ಲ ಸುತ್ತ ನಿಂತು ನೋಡುತ್ತಿರುವಾಗ ನಡೆಯುವ ಕೆಲಸ ಇದು. ಗುಂಡಿಯ ಬದಿಯಲ್ಲಿ ಮೊಳಕೋಲು ಇಳಿಬಿಟ್ಟವನು ಹೇಳುವ ಆಣೆಯ ಮೇಲೆ ಮುಂದಿನ ಮೂವತ್ತು ವರ್ಷದ ಕಂದಾಯ ನಿಂತಿರುತ್ತಿತ್ತು. ರೈತನಿಗೆ ತನ್ನ ಹೊಲ ಎಷ್ಟಾಣೆಯದು ಎಂಬುದು ಮಕ್ಕಳ ಹೆಸರಿನಷ್ಟೇ ನೆನಪಿರುತ್ತಿದ್ದುದು ಅದಕ್ಕೇ. ದೇಶದಲ್ಲಿ 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಹಣದ ಆಣೆ ಹೋಯಿತು. ಸರ್ವೆ ಟಿಪ್ಪಣಿಯ ಆಣೆ ಹೋಗಲಿಲ್ಲ. ಹಳೆಯ ಟಿಪ್ಪಣಿಯ ನಕಲು ತೆಗೆಸಿದರೆ ಅಳತೆ ಈಗಲೂ ಸರಪಳಿ, ಆಣೆಗಳಲ್ಲೇ ಸಿಗುತ್ತದೆ. ಬೆಂಗಳೂರಿನವರು ಮೂವತ್ತು ನಲವತ್ತು ಎನ್ನುವ ಸೈಟು 1200 ಚದರಡಿ. ಅಂದರೆ ಒಂದು ಸರಪಳಿ ಚದರಕ್ಕಿಂತ 111 ಚದರಡಿ ಹೆಚ್ಚು, ಅಷ್ಟೇ.

ಜಮೀನಿನ ಬಗೆಗಳಿಗೆ ಮೂರು ಪದ: ತರಿ, ಖುಷ್ಕಿ, ಬಾಗಾಯ್ತು. ಒದ್ದೆ, ಒಣ, ತೋಟ ಎಂಬರ್ಥದ ಪಾರಸಿ ಪದಗಳಿವು. ಹಳ್ಳಿಯಲ್ಲಿ ಯಾರೂ "ತರಿಗೆ ಹೋಗಿ ಬರ್ತೀನಿ" ಎನ್ನುವುದಿಲ್ಲ. ಗದ್ದೆಗೇ ಹೋಗುತ್ತಾರೆ. ಆದರೆ ಕಾಗದ ಬರೆಸುವಾಗ ಅದೇ ಗದ್ದೆ ತರಿಯಾಗುತ್ತದೆ. ನೆಲಕ್ಕೆ ಬಾಯಲ್ಲೊಂದು ಹೆಸರು, ಪತ್ರದಲ್ಲೊಂದು ಹೆಸರು ಇಟ್ಟುಕೊಂಡು ಕನ್ನಡದ ರೈತ ನಾಲ್ಕು ನೂರು ವರ್ಷ ಬದುಕಿದ್ದಾನೆ, ಎರಡನ್ನೂ ಬೆರೆಸದೆ.

ಖರಾಬು ಎಂಬ ಪದದಲ್ಲಿ ಇನ್ನೂ ಹೆಚ್ಚಿನ ಸೂಕ್ಷ್ಮವಿದೆ. ಕೆಟ್ಟದ್ದು ಎಂದು ಮೂಲಾರ್ಥ. ಸರ್ವೆಯಲ್ಲಿ ಸಾಗುವಳಿಗೆ ಬಾರದ, ಕಂದಾಯ ಹಾಕದ ನೆಲ. ಅದರಲ್ಲಿ ಎರಡು ವಿಧ. 'ಅ' ಖರಾಬು ಎಂದರೆ ಬಂಡೆ, ಕಣ, ತೋಟದ ಮನೆಯಂಥ ಜಾಗ, ಅದು ರೈತನದೇ. 'ಬ' ಖರಾಬು ಎಂದರೆ ದಾರಿ, ಹಳ್ಳ, ಸ್ಮಶಾನದಂಥ ಸಾರ್ವಜನಿಕ ಜಾಗ. ನಗರದ ಅಂಚಿನಲ್ಲಿ ಜಮೀನಿನ ಬೆಲೆ ಏರಿದ ಮೇಲೆ ಈ ಎರಡಕ್ಷರದ ವ್ಯತ್ಯಾಸಕ್ಕಾಗಿ ನಡೆದಿರುವ ವ್ಯಾಜ್ಯಗಳು ಒಂದೆರಡಲ್ಲ. ರಾಜಕಾಲುವೆಗಳ ಮೇಲೆ ಕಟ್ಟಡ ಎದ್ದ ಕಡೆ ಪತ್ರ ತೆಗೆದು ನೋಡಿದರೆ ಬಹಳ ಸಲ ಕಾಣುವುದು ಇದೇ 'ಬ' ಖರಾಬು.

1956ರ ನವೆಂಬರ್ 1ರಂದು ನಾಡು ಒಂದಾದಾಗ ಕಂದಾಯದ ಭಾಷೆ ಒಂದಾಗಿರಲಿಲ್ಲ. ಮೈಸೂರಿನವರ ಪಹಣಿ ಬೆಳಗಾವಿ, ಧಾರವಾಡಗಳಲ್ಲಿ ಉತಾರ. ಮದ್ರಾಸಿಗೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿಗಳಲ್ಲಿ ಅಡಂಗಲ್. ಮೈಸೂರಿನ ಶಾನುಭೋಗ ಧಾರವಾಡದಲ್ಲಿ ಕುಲಕರ್ಣಿ, ಆಮೇಲೆ ತಲಾಟಿ. ಕರಾವಳಿಯಲ್ಲಿ ವರ್ಗ ಜಮೀನು, ಅದರ ಸುತ್ತ ನೂರು ಗಜದೊಳಗಿನ ಕುಮ್ಕಿ, ಅಂದರೆ ಸೊಪ್ಪು ಸೌದೆಗೆ ರೈತನಿಗೆ ಒದಗಿಬರುವ ಸರ್ಕಾರಿ ನೆಲ. ಕುಮ್ಕಿ ಎಂದರೆ ನೆರವು. ಅದೂ ಪಾರಸಿಯ 'ಕುಮಕ್'. ಕೊಡಗಿನಲ್ಲಿ ವಂಶಪಾರಂಪರ್ಯದ ಜಮ್ಮಾ, ಗದ್ದೆಗೆ ಹೊಂದಿಕೊಂಡ ಬಾಣೆ. ಇವನ್ನೆಲ್ಲ ಒಂದು ಕಾನೂನಿನಡಿ ತಂದದ್ದು 1964ರ ಭೂಕಂದಾಯ ಕಾಯ್ದೆ. ಕಾಯ್ದೆ ಒಂದಾಯಿತು, ಬಾಯಿ ಬದಲಾಗಲಿಲ್ಲ. ಹುಬ್ಬಳ್ಳಿಯ ಕಡೆ ಈಗಲೂ "ಉತಾರ ತಗಸ್ಯಾರೇನ್ರಿ?" ಎಂದೇ ಕೇಳುತ್ತಾರೆ. ಆ ಮಾತು ಹಾಗೆಯೇ ಇರಲಿ, ಅದರಲ್ಲಿ ಆ ಸೀಮೆಯ ಚರಿತ್ರೆ ಇದೆ.

ಕಚೇರಿಯ ಗೋಡೆ ದಾಟಿ ಊರೊಳಗೆ ಬಂದ ಪದಗಳೂ ಬೇಕಾದಷ್ಟಿವೆ. ಮಂತ್ರಿಗಳು ಕೊಡುವ ರಾಜೀನಾಮೆಯನ್ನು ಮೊದಲು ಕೊಡುತ್ತಿದ್ದವನು ರೈತ. ಕಂದಾಯ ಕಟ್ಟಲಾಗದೆ ಜಮೀನು ಬಿಟ್ಟುಕೊಡುವವನು ರಾಜೀನಾಮೆ ಬರೆಯುತ್ತಿದ್ದ, ಹಿಡಿಯುವವನು ಕಬೂಲಿಯತ್ ಬರೆಯುತ್ತಿದ್ದ. ಜೋಡಿಯಲ್ಲಿ ಒಂದು ವಿಧಾನಸೌಧ ಹತ್ತಿತು, ಇನ್ನೊಂದು ಸತ್ತಿತು. ಬ್ಯಾಂಕಿನ ಸಿಬ್ಬಂದಿ, ಆಸ್ಪತ್ರೆಯ ಸಿಬ್ಬಂದಿ ಎನ್ನುತ್ತೇವಲ್ಲ, ಆ ಪದ ಕಂದಾಯ ವಸೂಲಿಗೆ ಇಟ್ಟುಕೊಂಡಿದ್ದ ತಾತ್ಕಾಲಿಕ ದಂಡಾಳುಗಳಿಂದ ಬಂದದ್ದು. ಮೂರು ತಿಂಗಳಿಗೊಮ್ಮೆ ಸಂಬಳ ಪಡೆಯುವವರು, 'ಸಿಹ್‌ಬಂದಿ'ಗಳು. ವಜಾ ಎಂದರೆ ಬೆಳೆ ಹೋದ ವರ್ಷ ಕಂದಾಯದಲ್ಲಿ ಬಿಡುವ ಸೋಡಿ, ರೈತನ ಕಿವಿಗೆ ತಂಪಾದ ಪದ. ಈಗ ಅದು ಕೆಲಸದಿಂದ ತೆಗೆದುಹಾಕುವುದು. ದೇವಸ್ಥಾನಗಳ ಮುಜರಾಯಿ ಇಲಾಖೆಯ ಹೆಸರೂ ಲೆಕ್ಕದ ಪುಸ್ತಕದಿಂದಲೇ ಬಂತು. ದೇವರ ಖರ್ಚಿಗೆಂದು ಕಂದಾಯದಲ್ಲಿ ಕಳೆದುಕೊಡುವ ಮೊತ್ತಕ್ಕೆ 'ಮುಜರಾ' ಎನ್ನುತ್ತಿದ್ದರು. ವರ್ಷಕ್ಕೊಮ್ಮೆ ತಾಲ್ಲೂಕಿನ ಕಂದಾಯದ ಲೆಕ್ಕ ಚುಕ್ತಾ ಮಾಡುತ್ತಿದ್ದ ಜಮಾಬಂದಿ ಈಗ ಗ್ರಾಮ ಪಂಚಾಯಿತಿಗಳಲ್ಲಿ ಊರವರ ಮುಂದೆ ಲೆಕ್ಕ ಒಪ್ಪಿಸುವ ಸಭೆಯಾಗಿದೆ. ಇದಂತೂ ಒಳ್ಳೆಯ ಬದಲಾವಣೆ.

ಬೇಚಿರಾಕ್ ಗ್ರಾಮ ಎಂಬುದೊಂದಿದೆ. ದಾಖಲೆಯಲ್ಲಿ ಊರಿನ ಹೆಸರು, ಗಡಿ, ಸರ್ವೆ ನಂಬರು ಎಲ್ಲ ಇರುತ್ತವೆ, ಜನ ಇರುವುದಿಲ್ಲ. ಚಿರಾಗ್ ಎಂದರೆ ದೀಪ. ದೀಪವಿಲ್ಲದ ಊರು. ಪ್ಲೇಗು, ಬರ, ದಂಡಿನ ಹಾವಳಿಗಳಿಂದ ಪಾಳುಬಿದ್ದ ಹಳ್ಳಿಗಳು ಕರ್ನಾಟಕದ ಎಷ್ಟೋ ತಾಲ್ಲೂಕುಗಳ ಗ್ರಾಮಪಟ್ಟಿಯಲ್ಲಿ ಈ ಹೆಸರಿನಡಿ ಉಳಿದಿವೆ. ಅಲ್ಲಿ ಮುರುಕು ಗುಡಿ, ಹೂತುಹೋದ ಬಾವಿ, ಬೇಸಾಯಕ್ಕೆ ಮಾತ್ರ ಬಂದುಹೋಗುವ ಪಕ್ಕದೂರಿನವರು. ಕಚೇರಿಯ ಒಣ ಪರಿಭಾಷೆಯಲ್ಲಿ ಇಷ್ಟು ಮರುಕದ ಪದವನ್ನು ಯಾರು ಮೊದಲು ಬರೆದರೋ, ಅವರಿಗೆ ಊರು ಎಂದರೇನೆಂದು ಗೊತ್ತಿತ್ತು.

ಇವೆಲ್ಲವುಗಳಲ್ಲಿ ಜನ ತಮ್ಮದಾಗಿ ಮಾಡಿಕೊಂಡ ಪದ ಒಂದಿದ್ದರೆ ಅದು ಬಗರ್ ಹುಕುಂ. ಹುಕುಮಿಲ್ಲದೆ ಎಂದರ್ಥ. ಸರ್ಕಾರದ ಅಪ್ಪಣೆ ಇಲ್ಲದೆ ಸರ್ಕಾರಿ ಜಮೀನಿನಲ್ಲಿ ಉಳುಮೆ ಮಾಡುವವನ ಮೇಲೆ ಹೊರಿಸುತ್ತಿದ್ದ ಆಪಾದನೆ ಅದು. ಅಪ್ಪಣೆ ಇದ್ದವನದು ದರಖಾಸ್ತು, ಅವನಿಗೆ ಸಾಗುವಳಿ ಚೀಟಿ. ಇಲ್ಲದವನು ಒತ್ತುವರಿದಾರ, ವರ್ಷ ವರ್ಷ ದಂಡ ಕಟ್ಟಬೇಕು. ಆ ದಂಡದ ರಸೀತಿಯೇ ಮುಂದೆ ತಾನು ಇಷ್ಟು ವರ್ಷದಿಂದ ಉಳುತ್ತಿದ್ದೇನೆ ಎಂಬುದಕ್ಕೆ ಪುರಾವೆಯಾಯಿತು. ಆದ್ದರಿಂದ ರೈತರು ಅದನ್ನು ಟ್ರಂಕಿನಲ್ಲಿ ಜೋಪಾನ ಮಾಡಿದರು. ಭೂಮಿಯಿಲ್ಲದವರ ಹೋರಾಟಗಳು ಬಲಗೊಂಡ ಹಾಗೆ "ನಾವು ಬಗರ್ ಹುಕುಂ ಸಾಗುವಳಿದಾರರು" ಎಂದು ಎದೆಯುಬ್ಬಿಸಿ ಹೇಳುವುದು ಶುರುವಾಯಿತು, ಬೈಗುಳದಂತಿದ್ದದ್ದು ಹಕ್ಕಿನ ಹೆಸರಾಯಿತು. 1990ರ ಏಪ್ರಿಲ್ 14ಕ್ಕೆ ಮುಂಚಿನ ಸಾಗುವಳಿಯನ್ನು ಸಕ್ರಮ ಮಾಡಲು ಫಾರಂ 50 ಬಂತು, ಆಮೇಲೆ 53, ಆಮೇಲೆ 57. ಈಗ ಹಳ್ಳಿಗಳಲ್ಲಿ ಆ ಅಂಕಿಗಳೇ ಮಾತು. "ಐವತ್ಮೂರರಲ್ಲಿ ಹಾಕಿದ್ದೆ ಸ್ವಾಮಿ, ಇನ್ನೂ ಕಮಿಟಿಗೆ ಬಂದಿಲ್ಲ" ಎಂದರೆ ಕೇಳುವವರಿಗೆ ಇನ್ನೇನೂ ವಿವರಿಸಬೇಕಿಲ್ಲ. 1974ರ ಭೂಸುಧಾರಣೆಯ ಗೇಣಿದಾರರಿಗೂ ಹಾಗೆಯೇ 'ಏಳನೇ ನಂಬರ್ ಫಾರಂ' ಬದುಕಿನ ತಿರುವಿನ ಹೆಸರಾಗಿತ್ತು.

ಈ ಭಾಷೆಯ ಇನ್ನೊಂದು ಮುಖವನ್ನೂ ಹೇಳಬೇಕು. ಅದು ಬಲ್ಲವರ ಕೈಯಲ್ಲಿ ಆಯುಧ. ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬರುವವರೆಗೆ ಶಾನುಭೋಗಿಕೆ ವಂಶಪಾರಂಪರ್ಯವಾಗಿತ್ತು. ಪದವೂ ಪುಸ್ತಕವೂ ಒಂದೇ ಮನೆಯಲ್ಲಿದ್ದವು. ಪುಸ್ತಕದಲ್ಲಿ ಏನಿದೆಯೆಂದು ಓದಿ ಹೇಳುವವನೂ ಅವನೇ, ಬರೆದವನೂ ಅವನೇ. ಪ್ರಾಮಾಣಿಕ ಶಾನುಭೋಗರು ಊರಿಗೆ ಆಸರೆಯಾಗಿದ್ದರು ನಿಜ. ಆದರೆ ಅನ್ಯಾಯವಾದಾಗ ಪ್ರಶ್ನಿಸುವ ಭಾಷೆಯೇ ರೈತನ ಬಳಿ ಇರಲಿಲ್ಲ. ಹೆಂಗಸರ ಪಾಲಿಗಂತೂ ಈ ಬಾಗಿಲು ಇನ್ನೂ ಕಿರಿದು. ಗಂಡ ತೀರಿಹೋದ ಹೆಂಗಸು ಪೌತಿ ಖಾತೆಗೆ ಅರ್ಜಿ ಹಾಕಬೇಕೆಂಬುದು ತಿಳಿಯದೆ ವರ್ಷಗಳು ಕಳೆಯುತ್ತವೆ. ಅಷ್ಟರಲ್ಲಿ ವಂಶವೃಕ್ಷ ಬರೆಸುವಾಗ ಹೆಣ್ಣುಮಕ್ಕಳ ಹೆಸರು ಬಿಟ್ಟುಹೋಗಿರುತ್ತದೆ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟ ಮೇಲೂ ಇದು ನಿಂತಿಲ್ಲ.

ಭೂಮಿ ಯೋಜನೆಯಡಿ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಬಂದವು, ಕೈಬರಹದ ಪಹಣಿಯ ಕಾಲ ಮುಗಿಯಿತು. ದೊಡ್ಡ ಕೆಲಸ ಅದು. ಪಹಣಿಗಾಗಿ ಯಾರ ಮನೆ ಬಾಗಿಲಲ್ಲೂ ನಿಲ್ಲಬೇಕಿಲ್ಲ. ಆದರೆ ಯಂತ್ರ ಅಚ್ಚು ಹಾಕುವುದು ಅದೇ ಹಳೆಯ ಪದಗಳನ್ನು. ಒಂಬತ್ತನೇ ಕಾಲಂ ಸ್ವಾಧೀನದಾರರ ಹೆಸರು, ಹತ್ತನೆಯದು ಜಮೀನು ಬಂದ ಬಗೆ, ಹನ್ನೊಂದನೆಯದು ಇತರರ ಹಕ್ಕು ಮತ್ತು ಸಾಲ. ಜಮೀನು ಕೊಳ್ಳುವ ಮುನ್ನ ಹನ್ನೊಂದನ್ನು ನೋಡಬೇಕೆಂಬುದು ಗೊತ್ತಿಲ್ಲದೆ ಕೈ ಸುಟ್ಟುಕೊಂಡವರು ಪಟ್ಟಣದ ಓದಿದವರಲ್ಲೇ ಹೆಚ್ಚು.

ಈ ಪದಗಳನ್ನು ತೆಗೆದು ಅಚ್ಚ ಕನ್ನಡದ್ದೋ ಸಂಸ್ಕೃತದ್ದೋ ಹಾಕಬೇಕೆಂಬ ವಾದ ಆಗಾಗ ಏಳುತ್ತದೆ. ಅದರಿಂದ ರೈತನಿಗೆ ಉಪಕಾರವಾಗುವುದಿಲ್ಲ. ಪೋಡಿ ಅವನಿಗೆ ಗೊತ್ತು, ಉಪವಿಭಜನೆ ಗೊತ್ತಿಲ್ಲ. ಬೇಕಾಗಿರುವುದು ವಿವರಣೆ. ಪ್ರತಿ ಪಹಣಿಯ ಹಿಂಬದಿಯಲ್ಲಿ ಖರಾಬು, ಪೈಕಿ, ಆಕಾರ, ಪೌತಿ, ಹಿಸ್ಸಾ ಮೊದಲಾದ ಇಪ್ಪತ್ತು ಪದಗಳ ಅರ್ಥವನ್ನು ಸರಳ ಕನ್ನಡದಲ್ಲಿ ಅಚ್ಚು ಹಾಕಲು ಸರ್ಕಾರಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ತಾಲ್ಲೂಕು ಕಚೇರಿಗಳ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡುವ ಕೆಲಸ ಈಗ ನಡೆಯುತ್ತಿದೆ. ಅವನ್ನು ಓದಬಲ್ಲ, ಮರಾಠಿಯ ಮೋಡಿ ಅಕ್ಷರವನ್ನೂ ಹಳೆಯ ಶಾನುಭೋಗಿ ಬರಹವನ್ನೂ ಬಿಡಿಸಬಲ್ಲ ಹಿರಿಯರು ಊರಿಗೊಬ್ಬರೂ ಉಳಿದಿಲ್ಲ. ಮನೆಯಲ್ಲಿ ಹಳೆಯ ಪಹಣಿ, ಕಂದಾಯದ ರಸೀತಿ, ಸಾಗುವಳಿ ಚೀಟಿ ಇಟ್ಟುಕೊಂಡಿರುವವರು ಅವನ್ನು ಒಮ್ಮೆ ಹೊರತೆಗೆದು, ಗೊತ್ತಿರುವ ಹಿರಿಯರ ಪಕ್ಕ ಕೂತು, ಒಂದೊಂದು ಪದದ ಅರ್ಥ ಕೇಳಿ ಬರೆದಿಟ್ಟುಕೊಳ್ಳಬೇಕು. ಈ ಕೆಲಸ ಈ ವರ್ಷವೇ ಆಗಲಿ.